ಸೋಮವಾರ ಬೆಳಗಿನ ಐದೂವರೆ

ಗಡಿಯಾರದ ಸೆಲ್ ಸತ್ತಿರಬಹುದು. ಡಿಸ್ಕ್ ತುಂಬಿರಬಹುದು. ಕಡೆಯ ಸಾಲು ಬರೆದಾದ ಮೇಲೆ ಎಂಟರ್ ಒತ್ತುವುದನ್ನು ಮರೆತಿರಬಹುದು. ಲಿನಕ್ಸ್ ಇಂಥ ವಿಷಯದಲ್ಲಿ ಬಹಳ ಮಡಿವಂತ, ಎಂಟರ್ ಇಲ್ಲದ ಸಾಲನ್ನು ಕೆಲವು ಸಲ ತಿರುಗಿಯೂ ನೋಡುವುದಿಲ್ಲ. ಫೈಲಿಗೆ ಓಡುವ ಅನುಮತಿ ಹೋಗಿರಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ತಿದ್ದಿದ್ದರಿಂದ ಪ್ರತಿ ಸಾಲಿನ ತುದಿಗೂ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡಿರಬಹುದು. ಮಷಿನ್ ತಾನು ಲಂಡನ್ನಿನಲ್ಲಿದ್ದೇನೆ ಎಂದು ತಿಳಿದು ಅಲ್ಲಿಯ ಟೈಮಿಗೆ ಏಳುತ್ತಿರಬಹುದು. ವಾರಗಳಿಗೆ ಅಂಕಿ ಕೊಡುವಾಗ ಐತವಾರಕ್ಕೆ ಸೊನ್ನೆಯೋ ಏಳೋ ಎಂಬ ಗೊಂದಲದಲ್ಲಿ ಸೋಮವಾರ ಎಲ್ಲೋ ಕೈತಪ್ಪಿ ಬಿದ್ದಿರಬಹುದು. ಇಲಿ ವೈರ್ ಕಡಿದಿರಬಹುದು. ಸಿಮ್ಮಿನ ರೀಚಾರ್ಜ್ ಮುಗಿದಿರಬಹುದು. ಚೀನಾದಲ್ಲಿ ಕುಳಿತ ಯಾರೋ ಹ್ಯಾಕ್ ಮಾಡಿರಬಹುದು. ಶಹಾಪುರದ ಕಾಲುವೆ ನೀರಿನ ಸರದಿಯಲ್ಲಿ ಅವನಿಗೇನು ಆಸಕ್ತಿ ಎಂದು ಕೇಳಬೇಡಿ. ಸರಿಯಾಗಿ ಚಿಂತೆ ಮಾಡುವವನು ಅಂಥ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಇವು ಯಾವುವೂ ಅಲ್ಲದಿದ್ದರೆ ನನಗೇ ಮರೆವಿನ ಕಾಯಿಲೆ ಶುರುವಾಗಿರಬಹುದು.

ಈ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಹಳೆಯ ಹಾಜರಿ ಪುಸ್ತಕದ ಹಿಂಬದಿ, ಮೂರು ಪುಟ. ಅಕ್ಷರ ಮಾತ್ರ ಮುದ್ದಾಗಿದೆ.

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಮನೆ ಶಹಾಪುರ. ಹುಟ್ಟಿದ್ದು ಸುರಪುರದ ಒಕ್ಕಲುತನದ ಮನೆಯಲ್ಲಿ. ವಯಸ್ಸು ಐವತ್ತರ ಬಾಗಿಲಲ್ಲಿದೆ. ಉಳಿದವರು ಎಲೆ-ಅಡಿಕೆ ಹಾಕಿಕೊಳ್ಳುವ ಹಾಗೆ ನಾನು ಚಿಂತೆ ಹಾಕಿಕೊಳ್ಳುತ್ತೇನೆ, ಊಟವಾದ ಮೇಲಂತೂ ತಪ್ಪದೆ. ಒಮ್ಮೆ ಯಾದಗಿರಿ ಬಸ್ಸು ಇನ್ನೇನು ಭೀಮಾ ಸೇತುವೆ ಹತ್ತಿರ ಬಂತು ಅನ್ನುವಾಗ, ಮನೆಯ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂಬ ಅನುಮಾನ ಹತ್ತಿ, ಇಳಿದು, ಎದುರು ಬಂದ ಬಸ್ಸು ಹತ್ತಿ ವಾಪಸ್ ಬಂದೆ. ಗ್ಯಾಸ್ ಬಂದ್ ಇತ್ತು. ಅವಸರದಲ್ಲಿ ಊಟದ ಡಬ್ಬಿಯನ್ನು ಮೊದಲಿನ ಬಸ್ಸಿನಲ್ಲೇ ಬಿಟ್ಟಿದ್ದೆ.

"ಡಬ್ಬಿ ಯಾದಗಿರಿ ನೋಡ್ಕೊಂಡ್ ಬರ್ಲಿ ಬಿಡ್ರಿ," ಅಂದಳು ಹೆಂಡತಿ. "ನೀವು ಇಲ್ಲೇ ಉಣ್ರಿ. ಗ್ಯಾಸ್ ಹಚ್ಚಲೇನು, ಇಲ್ಲಾ ಹಿಂಗ ಬಂದ್ ಇದ್ರ ನಿಮ್ಗ ಸಮಾಧಾನೇನು?"

ಇಂಥವನ ಕೈಗೆ ನಮ್ಮ ಕಡೆಯ ಕಾಲುವೆ ನೀರಿನ ಸಂಘದವರು ಒಂದು ಕೆಲಸ ಕೊಟ್ಟರು. ಸಂಘದ ಕಚೇರಿ ನಮ್ಮ ಓಣಿಯ ತುದಿಗೇ ಇದೆ, ಎರಡು ಕೋಣೆ. ಅಲ್ಲಿಂದ ಮುಂದೆ ವಡಗೇರಾ ಕಡೆಗೆ ಹೋಗುವ ಒಂದು ಮರಿಗಾಲುವೆಯ ನೀರನ್ನು ರೈತರಿಗೆ ಸರದಿ ಪ್ರಕಾರ ಹಂಚುವುದು ಅವರ ಕೆಲಸ. ಯಾರ ಸರದಿ ಯಾವ ವಾರ ಎಂಬುದು ಖಾಯಂ. ಯಾವ ತಾಸಿಗೆ ಎಂಬುದು ಮಾತ್ರ ಖಾಯಂ ಅಲ್ಲ. ಮೇಲಿನಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರ ಮೇಲೆ ದಿನಾ ಬದಲಾಗುತ್ತದೆ. ಆ ಲೆಕ್ಕದ ತಖ್ತೆ ಸಂಘದ ಮೇಲ್‌ಗೆ ಬಂದು ಬೀಳುವ ಹೊತ್ತಿಗೆ ಊರು ಮಲಗಿರುತ್ತದೆ. ಬೆಳಿಗ್ಗೆ ತಮ್ಮ ತಾಸಿಗೆ ಸರಿಯಾಗಿ ತೂಬಿನ ಮುಂದೆ ಸಲಿಕೆ ಹಿಡಿದು ನಿಂತವರಿಗೆ ನೀರು. ನಿಲ್ಲದವರ ನೀರು ಮೇಲಿನ ಹೊಲದವರಿಗೆ, ಅವರು ಬೇಡ ಅನ್ನುವ ಪೈಕಿಯಲ್ಲ.

ಮೊದಲು ಈ ತಾಸಿನ ಸುದ್ದಿ ಹೇಳುತ್ತಿದ್ದವನು ನೀರಗಂಟಿ. ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ, ಮನೆ ಮನೆ ಮುಂದೆ ಕೂಗಿ ಹೇಳುತ್ತಿದ್ದ. ಅವನ ತಲೆಗೆ ಇನ್ನೆರಡು ಕಾಲುವೆ ಗಂಟುಬಿದ್ದ ಮೇಲೆ ಅದು ಆಗದಾಯಿತು. ಆಗ ನಾನು ಕಾಲೇಜಿನಲ್ಲಿ ಗುಜರಿಗೆ ಹೋಗಬೇಕಿದ್ದ ಒಂದು ಕಂಪ್ಯೂಟರ್ ಕೇಳಿ ತಂದು, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ತಖ್ತೆ ಓದಿ ಪ್ರತಿ ರೈತರ ಫೋನಿಗೆ ಅವರವರ ತಾಸನ್ನು ಮೆಸೇಜ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ನಲವತ್ತು ಸಾಲು ಇರಬೇಕು. ಅದನ್ನು ದಿನಾ ಬೆಳಿಗ್ಗೆ ಐದೂವರೆಗೆ ಓಡಿಸುವ ಜವಾಬ್ದಾರಿಯನ್ನು ಕ್ರಾನ್‌ಗೆ ವಹಿಸಿದೆ.

ಕ್ರಾನ್ ಅಂದರೆ ಲಿನಕ್ಸ್ ಒಳಗಿನ ವಾಲಿಕಾರ ಅನ್ನಿ. ಊರ ಚಾವಡಿಯ ವಾಲಿಕಾರನ ಹಾಗೆ ಒಂದು ಮೂಲೆಯಲ್ಲಿ ಕುಳಿತಿರುತ್ತಾನೆ. ಇಷ್ಟು ಗಂಟೆಗೆ ಇಂಥ ಕೆಲಸ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ನಿಮಿಷಕ್ಕೊಮ್ಮೆ ಎದ್ದು ಗಡಿಯಾರ ನೋಡಿ, ಹೊತ್ತಾದ ಕೆಲಸ ಮಾಡಿ, ಮತ್ತೆ ಕೂರುತ್ತಾನೆ. ಚಹಾ ಕೇಳುವುದಿಲ್ಲ. ಮಾಡಿದೆ ಎಂದು ಬಂದು ಹೇಳುವುದೂ ಇಲ್ಲ, ಆಗಲಿಲ್ಲ ಎಂದು ಹೇಳುವುದೂ ಇಲ್ಲ. ಚಿಂತೆಯ ಮನುಷ್ಯನಿಗೆ ಇಂಥ ನೌಕರ ಒಳ್ಳೆಯದಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಎರಡು ತಿಂಗಳು ಎಲ್ಲ ಬರೋಬ್ಬರಿ ನಡೆಯಿತು. ನಾನು ಸ್ವಲ್ಪ ಉಬ್ಬಿದೆ, ಒಪ್ಪಿಕೊಳ್ಳುತ್ತೇನೆ. ಬೇರೆ ಊರಿನ ಸಂಘದವರು ನೋಡಲು ಬಂದಾಗ ಮಷಿನ್ನಿನ ಬೆನ್ನು ತಟ್ಟಿ, "ಇದಕ್ಕ ಹಬ್ಬ ಇಲ್ಲ, ಅಮಾಸಿ ಇಲ್ಲ, ಐತಾರ ಇಲ್ಲ, ಸ್ವಾಮಾರ ಇಲ್ಲ. ಹಗಲು ರಾತ್ರಿ ದುಡಿತದ. ಒಂದು ದಿನಾನೂ ಉಸ್ ಅಂದಿಲ್ಲ," ಎಂದೆ. ಅದೇ ಹೊತ್ತಿಗೆ ಕೋಣೆ ಗುಡಿಸುತ್ತಿದ್ದ ಆಯಿ ಕಸಬರಿಗೆ ನಿಲ್ಲಿಸಿ ಮಷಿನ್ನನ್ನು ಒಂದು ಕ್ಷಣ ನೋಡಿದಳು. ಆಯಿ ಆಗಷ್ಟೇ ಕೆಲಸಕ್ಕೆ ಸೇರಿದ್ದವಳು, ಅರವತ್ತು ದಾಟಿದಾಕೆ, ಕಚೇರಿಯ ಹಿಂದಿನ ಮನೆಯವಳು. ಕೀಲಿಕೈ ಅವಳ ಹತ್ತಿರವೇ. ನನ್ನ ಮಾತಿಗೆ ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡು ನಾನು ಇನ್ನೊಂದು ಸಲ ಬೆನ್ನು ತಟ್ಟಿದೆ.

ಮುಂದಿನ ಸೋಮವಾರ ಮೆಸೇಜ್ ಹೋಗಲಿಲ್ಲ.

ಅದನ್ನು ಮೊದಲು ಹೇಳಿದವನು ನೀರಗಂಟಿ. ನಾನು ಯಾದಗಿರಿ ಬಸ್ಸಿನಲ್ಲಿದ್ದೆ. "ಸರ, ಇವತ್ತು ಮೆಸೇಜ್ ಬಂದಿಲ್ರಿ. ಕಡೀ ಹೊಲದ ಅಕ್ಕಾಗ ಟೈಮ್ ಗೊತ್ತಾಗಿಲ್ಲ. ಆಕಿ ಬರೋದ್ರಾಗ ಮ್ಯಾಲಿನವ್ರು ನೀರು ತಿರುವ್ಯಾರ," ಅಂದ. ಕೆಲವು ರೈತರು ಹೇಗೋ ವಿಚಾರಿಸಿಕೊಂಡು ಬಂದಿದ್ದರು. ಕಡೆಯ ಹೊಲದವಳಿಗೆ ಮಾತ್ರ ಪೆಟ್ಟು ಬಿದ್ದಿತ್ತು. ಬೆವರಿದ್ದು ನಾನು. ಅವತ್ತು ಬಸ್ಸಿನಿಂದ ಇಳಿಯಲಿಲ್ಲ, ಪ್ರಿನ್ಸಿಪಾಲರು ಹಿಂದಿನ ವಾರವಷ್ಟೇ ಬೈದಿದ್ದರು. ಸಂಜೆ ಬಂದವನೇ ಮಷಿನ್ ಮುಂದೆ ಕೂತು ಸ್ಕ್ರಿಪ್ಟನ್ನು ಕೈಯಿಂದ ಓಡಿಸಿದೆ. ಓಡಿತು, ಕುದುರೆಯ ಹಾಗೆ.

ನಾನು ಓಡಿಸಿದರೆ ಓಡುತ್ತದೆ, ಕ್ರಾನ್ ಓಡಿಸಿದರೆ ಓಡುವುದಿಲ್ಲ ಅಂದರೆ ನಮ್ಮ ಕಸುಬಿನವರು ಮೊದಲು ಹೇಳುವುದು ದಾರಿಯ ದೋಷ. ನಾವು ಕೂತು ಕೆಲಸ ಮಾಡುವಾಗ ಮಷಿನ್ನಿಗೆ ಯಾವ ಸಾಮಾನು ಎಲ್ಲಿದೆ ಎಂಬ ಎಲ್ಲ ಓಣಿ ಗೊತ್ತಿರುತ್ತದೆ. ಕ್ರಾನ್‌ಗೆ ಎರಡೋ ಮೂರೋ ಓಣಿ. ಯಾದಗಿರಿಗೆ ಹೊಸದಾಗಿ ಬಂದವನಿಗೆ ಸ್ಟೇಶನ್ನು, ತಹಸೀಲ್ ಕಚೇರಿ ಬಿಟ್ಟರೆ ಏನೂ ಗೊತ್ತಿಲ್ಲದ ಹಾಗೆ. ಅದಕ್ಕಾಗಿ ಪ್ರತಿಯೊಂದಕ್ಕೂ ಪೂರ್ತಿ ವಿಳಾಸ ಬರೆದುಕೊಡಬೇಕು. ಬರೆದೆ. ಎಂಟರ್ ಇಲ್ಲದ ಕಡೆ ಎಂಟರ್ ಒತ್ತಿದೆ, ಇದ್ದ ಕಡೆಯೂ ಒತ್ತಿದೆ. ಮರುದಿನ ಮಂಗಳವಾರ ಐದೂವರೆಗೆ ಸರಿಯಾಗಿ ಮೆಸೇಜ್ ಹೋಯಿತು. ಬುಧವಾರ ಹೋಯಿತು. ಐತವಾರದವರೆಗೂ ಹೋಯಿತು. ರೋಗ ಹಿಡಿದೆ ಎಂದು ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಮಿರ್ಚಿ ಮಾಡಿದಳು.

ಆ ಐತವಾರ ಸುರಪುರಕ್ಕೆ ಅಕ್ಕನ ಮನೆಗೆ ಹೋಗಿ ಅಲ್ಲೂ ಹೇಳಿಕೊಂಡೆ. ಸೋಮವಾರ ಬೆಳಿಗ್ಗೆ ಮೆಸೇಜ್ ಇಲ್ಲ.

ಅವತ್ತು ಸಂಜೆ ಕಚೇರಿಗೆ ಕಡೆಯ ಹೊಲದ ಆಕೆ ಸ್ವತಃ ಬಂದಳು. ಅದಕ್ಕೂ ಮೊದಲು ನಾನು ಅವಳನ್ನು ನೋಡಿರಲಿಲ್ಲ. ನನ್ನ ಪಟ್ಟಿಯಲ್ಲಿ ಅವಳು ಒಂದು ಫೋನ್ ನಂಬರ್ ಅಷ್ಟೆ. ಮಧ್ಯವಯಸ್ಸಿನ ಹೆಂಗಸು, ಊರ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವಾಕೆ. ಎರಡು ಎಕರೆ ಭತ್ತ, ಕಾಲುವೆ ಮುಗಿಯುವ ಜಾಗದಲ್ಲಿ. ಸರದಿ ವಾರಕ್ಕೊಮ್ಮೆ, ಸೋಮವಾರ. ನೀರಗಂಟಿಯೂ ಜೊತೆಗೆ ಬಂದು ಬಾಗಿಲಿಗೆ ಒರಗಿ ನಿಂತಿದ್ದ, ತಮಾಷೆ ನೋಡುವವನ ಹಾಗೆ.

"ಸರ್ರ, ನಾ ಜಗಳಕ್ಕ ಬಂದಿಲ್ಲ," ಅಂದಳು. "ಕೇಳಾಕ ಬಂದೀನಿ. ನಿಮ್ ಮಷಿನ್ ನನ್ ಮ್ಯಾಲ ಏನರ ಸಿಟ್ಟಾಗ್ಯದೇನು? ಆರ್ ದಿನ ಎಲ್ಲಾರ ಜೋಡಿ ಮಾತಾಡ್ತದ. ನನ್ ದಿನಾ ಬಂದ್ರ ಮುಖ ತಿರುವತದ."

"ಹಂಗೇನಿಲ್ರಿ ಅಕ್ಕಾರ. ಒಂದು ಸಣ್ಣ ತೊಂದ್ರಿ. ಹುಡುಕಾಕತ್ತೇನಿ."

"ಸಣ್ಣದು ಅಂದ್ರ ಎಷ್ಟ್ ಸಣ್ಣದ್ರಿ?" ಅಂದ ನೀರಗಂಟಿ ಬಾಗಿಲಿನಿಂದ.

"ನೀ ಸುಮ್ನಿರು," ಅಂತ ಅವನಿಗೆ ಗದರಿಸಿ ಅವಳು ನನ್ನ ಕಡೆ ತಿರುಗಿದಳು. "ನೆಲ್ಲು ಹೊಡಿಗೆ ಬಂದದ್ರಿ. ಎರಡ್ ಸರ್ತಿ ನೀರು ತಪ್ಪ್ಯದ. ಹೊಲ ಬಿರಿಯಾಕ ಹತ್ಯದ. ಮುಂದಿನ ಸ್ವಾಮಾರ ನೀರು ಕಂಡ್ರ ಕಾಳು, ಇಲ್ಲಂದ್ರ ಜೊಳ್ಳು. ನನಗ ತಾಸು ಒಂದ್ ಗೊತ್ತಾದ್ರ ಸಾಕು. ಒಲಿ ಇನ್ನೊಬ್ಬಾಕಿಗೆ ಒಪ್ಪಿಸಿ ಓಡಿ ಹೋಗ್ತೀನಿ. ಗೊತ್ತಿಲ್ಲದ ಇಡೀ ದಿನ ತೂಬಿನ ಮುಂದ ಕುಂತ್ರ ಸಾಲಿ ಮಕ್ಕಳು ಉಪಾಸ ಬೀಳ್ತಾವ. ಅವರ ಹೊಟ್ಟಿ ನೋಡ್ಲೋ, ನನ್ ಹೊಲ ನೋಡ್ಲೋ?"

ಭತ್ತದ ಗಿಡದ ಹೊಟ್ಟೆಯಲ್ಲಿ ತೆನೆ ಕೂತು ಇನ್ನೇನು ಹೊರಗೆ ಬರಬೇಕು ಅನ್ನುವ ಹಂತಕ್ಕೆ ಹೊಡೆ ಅನ್ನುತ್ತಾರೆ. ಆಗ ನೀರು ತಪ್ಪಿದರೆ ತೆನೆ ಬರುತ್ತದೆ, ಒಳಗೆ ಕಾಳಿರುವುದಿಲ್ಲ. ಒಕ್ಕಲಿಗನ ಮಗನಾಗಿ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಮುಂದಿನ ಸ್ವಾಮಾರ ತಪ್ಪಂಗಿಲ್ರಿ," ಎಂದೆ.

ಹೋಗುವಾಗ ನೀರಗಂಟಿ ಅಂದ: "ಸರ, ನನ್ ಸೈಕಲ್ಲೂ ಪಂಚರ್ ಆಗ್ತಿತ್ತು, ಖರೆ. ಆದ್ರ ಪಂಚರ್ ಆದದ್ದು ಗೊತ್ತಾಗ್ತಿತ್ತು ನೋಡ್ರಿ." ಸ್ವಲ್ಪ ನಿಂತು, "ತಿಂಥಣಿಗೆ ಹೋಗಿ ಮೌನೇಶ್ವರಗ ಒಂದು ಕಾಯಿ ಒಡಸ್ರಿ. ಕಂಪ್ಯೂಟರಿಗೆ ನಡೀತದೋ ಇಲ್ಲೋ ನನಗ ಗೊತ್ತಿಲ್ಲ," ಎಂದು ಸೇರಿಸಿದ.

ಆ ವಾರ ನಾನು ಬರೆದದ್ದೇ ಮೇಲಿನ ಪಟ್ಟಿ. ಕಾಲೇಜಿನಲ್ಲಿ ಹಾಜರಿ ಕರೆಯುತ್ತ ಕರೆಯುತ್ತ ಹಿಂಬದಿಗೆ ಒಂದೊಂದೇ ಅನುಮಾನ ಇಳಿಸಿದೆ. ಸಂಜೆ ಬಂದು ಒಂದೊಂದನ್ನೇ ಪರೀಕ್ಷೆ ಮಾಡಿದೆ. ಗಡಿಯಾರದ ಸೆಲ್ ಬದಲಿಸಿದೆ. ಡಿಸ್ಕಿನ ಮುಕ್ಕಾಲು ಪಾಲು ಖಾಲಿ ಇತ್ತು, ಆದರೂ ಒಂದಿಷ್ಟು ಅಳಿಸಿದೆ. ಟೈಮ್ ನಮ್ಮದೇ ದೇಶದ್ದಿತ್ತು. ಸ್ಕ್ರಿಪ್ಟಿಗೆ ಓಡುವ ಅನುಮತಿ ಇತ್ತು; ಇನ್ನೊಮ್ಮೆ ಕೊಟ್ಟೆ, ಕೊಟ್ಟರೆ ಕಡಿಮೆಯಾಗುವುದಿಲ್ಲವಲ್ಲ. ಕ್ರಾನ್‌ನ ಸಾಲನ್ನು ಅಳಿಸಿ ಮೊದಲಿನಂತೆಯೇ ಮತ್ತೆ ಬರೆದೆ, ಹಳೆಯ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ತುಟಿ ಅಲ್ಲಾಡಿಸುತ್ತ: ಮೂವತ್ತು, ಐದು, ನಕ್ಷತ್ರ, ನಕ್ಷತ್ರ, ನಕ್ಷತ್ರ. ಅಂದರೆ ಐದು ಗಂಟೆ ಮೂವತ್ತು ನಿಮಿಷ, ಯಾವ ತಾರೀಖಾದರೂ, ಯಾವ ತಿಂಗಳಾದರೂ, ಯಾವ ವಾರವಾದರೂ. ಯಾವ ವಾರವಾದರೂ! ಸೋಮವಾರ ಇದರಲ್ಲಿ ಸೇರಿದೆಯೋ ಇಲ್ಲವೋ ಎಂದು ಪುಸ್ತಕ ತೆಗೆದು ನೋಡಿದೆ. ಸೇರಿತ್ತು.

ಕ್ರಾನ್ ಬಾಯಿಬಿಟ್ಟು ಹೇಳದಿದ್ದರೂ ಮಷಿನ್ ಒಂದು ದಿನಚರಿ ಬರೆದಿಡುತ್ತದೆ. ಅದನ್ನು ತೆಗೆದೆ. ಐತವಾರ ಸಂಜೆ ಆರೂಮುಕ್ಕಾಲಿನಿಂದ ಸೋಮವಾರ ಬೆಳಗಿನ ಎಂಟೂವರೆವರೆಗೆ ಒಂದು ಅಕ್ಷರವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಎದ್ದು ಹೋಗಿ ಕಾರಣ ಹಿಡಿಯುತ್ತಿದ್ದರು. ನನಗೆ ನೆನಪಾದದ್ದು, ಲಿನಕ್ಸ್ ವಾರಕ್ಕೊಮ್ಮೆ ಹಳೆಯ ದಿನಚರಿಯನ್ನು ಮಡಿಚಿಟ್ಟು ಹೊಸದು ಶುರುಮಾಡುತ್ತದೆ ಎಂಬುದು. ಅದು ಮಡಿಚುವಾಗಲೇ ಹಾಳೆ ಹರಿದಿದೆ ಎಂದು ತೀರ್ಮಾನಿಸಿ ಎರಡು ದಿನ ಅದರ ಹಿಂದೆ ಬಿದ್ದೆ. ಸೋಮವಾರ ಎಂಟೂವರೆಗೆ ಮಷಿನ್ ಹೊಸದಾಗಿ ಶುರುವಾದ ಗುರುತೂ ಅಲ್ಲಿತ್ತು. ಆದರೆ ನಮ್ಮ ಕಡೆ ಕರೆಂಟ್ ಹೋಗಿ ಬಂದಾಗಲೆಲ್ಲ ಅಂಥ ಗುರುತು ಬೀಳುತ್ತದೆ. ದಿನಚರಿಯ ತುಂಬ ಅವೇ. ಕರೆಂಟ್ ಬಂದ ಕೂಡಲೇ ತಾನೇ ಏಳುವ ಹಾಗೆ ಮಷಿನ್ನಿಗೆ ನಾನೇ ಕಲಿಸಿದ್ದೆ.

ಆದರೂ ಚಿಂತೆಯವನು ಒಂದು ಕಲ್ಲನ್ನೂ ತಿರುವದೆ ಬಿಡಬಾರದು ಎಂದು ಆಯಿಯನ್ನು ಕರೆದೆ.

"ಆಯಿ, ಐತಾರ ರಾತ್ರಿ ಕರೆಂಟ್ ಹೋಗಿತ್ತೇನು?"

"ಇಲ್ಲಪ. ನಮ್ ಮನ್ಯಾಗ ಫ್ಯಾನ್ ಬೆಳತನಕ ತಿರಗ್ಯದ."

"ಮಷಿನ್ ಯಾರರ ಮುಟ್ಟ್ಯಾರೇನು?"

"ಯಾರ್ ಮುಟ್ತಾರ? ಕೀಲಿಕೈ ನನ್ ಸೆರಗಿನಾಗ ಇರ್ತದ. ನಾ ಸೈತ ಮುಟ್ಟಂಗಿಲ್ಲ ಮಾಸ್ತರ. ಕಸಬರಿಗಿ ಸೈತ ತಾಕಿಸಂಗಿಲ್ಲ. ಅದರ ಸುತ್ತ ಕೈಲೆ ಕಸ ಆರಸ್ತೀನಿ."

ಎರಡು ಅನುಮಾನ ಹೊಡೆದುಹಾಕಿದೆ. ಆಯಿ ಹೊರಡುವಾಗ ಮಷಿನ್ ಕಡೆ ನೋಡಿ, "ಪಾಪ, ಎಷ್ಟ್ ಹೈರಾಣ ಮಾಡ್ತಿ ಅದಕ್ಕ," ಅಂದಳು. ದಿನಾ ಅದರ ಹೊಟ್ಟೆ ಬಿಚ್ಚಿ ಮುಚ್ಚುತ್ತಿದ್ದೆನಲ್ಲ, ಅದಕ್ಕೆ ಅಂದಳು ಎಂದು ತಿಳಿದೆ.

ಮಂಗಳವಾರದಿಂದ ಐತವಾರದವರೆಗೆ ಮೆಸೇಜ್ ಒಂದು ನಿಮಿಷವೂ ತಪ್ಪದೆ ಹೋಯಿತು. ಈ ಸಲ ನಾನು ಮಿರ್ಚಿ ಮಾಡಿಸಲಿಲ್ಲ. ಐತವಾರ ಸುರಪುರದಲ್ಲಿ ಅಕ್ಕನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ; ಹೋಗದೆ ನಿರ್ವಾಹವಿರಲಿಲ್ಲ. ಹೋಳಿಗೆ ಬಡಿಸಿದಾಗಲೂ ನನಗೆ ಕಂಡದ್ದು ಬಿರಿದ ಗದ್ದೆ. ಜೊಳ್ಳು ತೆನೆ ಕೈಯಲ್ಲಿ ತಿಕ್ಕಿದರೆ ಹಾರಿಹೋಗುವ ಆ ಸಪ್ಪಳ ಚಿಕ್ಕಂದಿನಿಂದ ಗೊತ್ತು.

"ಉಣ್ರಿ ಮೊದ್ಲ," ಅಂದಳು ಹೆಂಡತಿ. "ನಾಳೆ ಮುಂಜಾನಿ ನೀವೇ ಹೋಗಿ ಅದರ ಮುಂದ ಕೂಡ್ರಿ. ಮಷಿನ್ ಓಡಲಿಲ್ಲ ಅಂದ್ರ ನೀವು ಓಡ್ರಿ."

ಇಷ್ಟು ಸರಳ ಉಪಾಯ ನನ್ನ ಮೂರು ಪುಟದಲ್ಲಿರಲಿಲ್ಲ. ಹೋಳಿಗೆ ಎರಡು ಉಂಡೆ.

ಸೋಮವಾರ ಐದಕ್ಕೆ ಐದು ನಿಮಿಷ ಇರುವಾಗ ಮನೆ ಬಿಟ್ಟೆ. ಗ್ಯಾಸ್ ನೋಡಲಿಲ್ಲ, ಅದೊಂದು ದಾಖಲೆ. ಓಣಿಯ ಬೇವಿನ ಮರದ ಕೆಳಗೆ ಒಂದು ಜೋಡಿ ಎತ್ತು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಅವಕ್ಕೇನು, ಸೋಮವಾರ ಎಂದುಕೊಂಡು ಮುಂದೆ ನಡೆದೆ. ಹಾಗೆ ಮನಸ್ಸಿನಲ್ಲೇ ಅಂದುಕೊಂಡೂ ನನಗೆ ಏನೂ ಹೊಳೆಯಲಿಲ್ಲ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಈ ತನಕ ಹೇಳಿಲ್ಲ.

ಕಚೇರಿಗೆ ಬೀಗ. ಹಿಂದಿನ ಮನೆಗೆ ಹೋದೆ. ಆಯಿ ಆಗಲೇ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನನ್ನನ್ನು ನೋಡಿ ತಂಬಿಗೆ ಕೆಳಗಿಟ್ಟಳು.

"ಏನ್ ಮಾಸ್ತರ, ಇಷ್ಟ್ ಮುಂಜಾನಿ! ಯಾರಿಗೇನಾತು?"

"ಯಾರಿಗೂ ಏನಾಗಿಲ್ಲ ಆಯಿ. ಕೀಲಿಕೈ ಕೊಡು. ಮಷಿನ್ ನೋಡಬೇಕು."

"ಅದಾ? ಅದು ಮಲಗ್ಯದ. ಈಗ್ಯಾಕ ಎಬ್ಬಸ್ತಿ?"

ಮುದುಕಿಯ ಚೇಷ್ಟೆ ಎಂದುಕೊಂಡೆ. ಅವಳೇ ಬಂದು ಬಾಗಿಲು ತೆಗೆದಳು. ಒಳಗೆ ಕತ್ತಲೆ, ಅದಕ್ಕಿಂತ ಹೆಚ್ಚಾಗಿ ಮೌನ. ಮಷಿನ್ನಿನ ಹಳೆಯ ಫ್ಯಾನಿನ ಗುಂಯ್ ಸದ್ದು ಇರಲಿಲ್ಲ. ಲೈಟ್ ಹಾಕಿದೆ. ಮಷಿನ್ ಮೇಲೆ ಒಗೆದು ಮಡಿಚಿದ ಒಂದು ಹಳೆಯ ಸೀರೆಯ ತುಂಡು ಹೊದಿಸಿತ್ತು. ಸರಿಸಿದರೆ ಅದರ ಮುಖಕ್ಕೆ ಮೂರು ಬೆರಳ ವಿಭೂತಿ. ಮೇಲೊಂದು ಚೆಂಡು ಹೂವು.

"ಆಯಿ," ಎಂದೆ. ಹೂವನ್ನು ಎತ್ತಿ ಅವಳಿಗೆ ತೋರಿಸಿದೆ.

"ಐತಾರ ಹೊತ್ತು ಮುಳುಗಿದ್ರ ಸ್ವಾಮಾರದ ಲೆಕ್ಕ," ಅಂದಳು, ಪಾಠ ಹೇಳುವವಳ ಹಾಗೆ. "ದೀಪ ಹಚ್ಚೋ ಹೊತ್ತಿಗೆ ಮಲಗಸ್ತೀನಿ, ಬೆಳಗಾಗಿ ಚಹಾ ಕುಡದ್ ಮ್ಯಾಲ ವಿಭೂತಿ ಒರಸಿ ಎಬ್ಬಸ್ತೀನಿ. ಇಡೀ ದಿನ ಬಿಟ್ರ ನೀ ಬೈತಿ ಅಂತ ಒಪ್ಪತ್ತರೆ ಸಾಕು ಅಂದೆ."

"ಯಾಕ ಆಯಿ?"

"ಯಾಕಂದ್ರ? ಸುರಪುರದ ಒಕ್ಕಲಗೇರ ಮಗ ಅಲ್ಲೇನು ನೀ? ನಿಮ್ಮಪ್ಪ ಸ್ವಾಮಾರ ಎತ್ತಿನ ಹೆಗಲ ಮ್ಯಾಲ ನೊಗ ಇಡ್ತಿದ್ದನೇನು?"

"ಇಲ್ಲ."

"ಮತ್ತ? ಎತ್ತಿಗರ ಕಾಲದಾವ, ಸಿಟ್ಟು ಬಂದ್ರ ಒದೀತದ. ಸಾಕಾದ್ರ ಕುಂತುಬಿಡ್ತದ. ಇದಕ್ಕೇನದ? ಸುಮ್ಮ ಗುಂಯ್ ಅಂತದ ಅಷ್ಟ. ನೀನೇ ಮಂದಿ ಮುಂದ ಹೇಳಿದಿ, ಇದಕ್ಕ ಹಬ್ಬ ಇಲ್ಲ, ಸ್ವಾಮಾರ ಇಲ್ಲ, ಹಗಲು ರಾತ್ರಿ ದುಡಿತದ ಅಂತ. ಹೇಳಿ ಮ್ಯಾಲ ಬೆನ್ನು ಬ್ಯಾರೆ ಬಡದಿ. ನನಗ ಹೊಟ್ಟ್ಯಾಗ ಚುರ್ ಅಂತು."

"ಯಾರೂ ಮುಟ್ಟಿಲ್ಲ ಅಂದಿದ್ದಿಯಲ್ಲ!"

"ನಾ ಎಲ್ಲಿ ಮುಟ್ಟೀನಿ? ವಿಭೂತಿ ಹಚ್ಚಿದ್ರ ಮುಟ್ಟಿದಂಗೇನು? ಗೋಡಿ ಮ್ಯಾಲಿನ ಬಟನ್ ಒತ್ತೀನಿ. ಗೋಡಿ ನಿಂದೇನು?"

"ಆಯಿ, ಇದು ಮಲಗಿದ್ರ ರೈತರಿಗೆ ಮೆಸೇಜ್ ಹೋಗಂಗಿಲ್ಲ. ಕಡೀ ಹೊಲದ ಅಕ್ಕನ ನೆಲ್ಲು ಒಣಗಾಕತ್ತದ."

ಆಯಿ ಬೆಚ್ಚಿ ನನ್ನನ್ನು ನೋಡಿದಳು. "ಮೆಸೇಜ್ ಫೋನಿನಾಗ ಬರ್ತದಲ್ಲೋ? ಇದರಾಗಿಂದ ಹೋಗ್ತದೇನು?" ಅಂದಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, "ನಿಂತೀಯೇನು ಇನ್ನ? ಎಬ್ಬಸ!" ಎಂದು ನನ್ನನ್ನೇ ಗದರಿಸಿದಳು.

ಎಬ್ಬಿಸಿದೆ. ಐದು ಹನ್ನೆರಡು. ಹೇಳದೆ ಕೇಳದೆ ಆರಿಸಿದ ಮಷಿನ್ ಏಳುವಾಗ ಮೊದಲು ತನ್ನ ಡಿಸ್ಕನ್ನು ತಪಾಸಣೆ ಮಾಡಿಕೊಳ್ಳುತ್ತದೆ, ಬಿದ್ದವನು ಎದ್ದು ಕೈಕಾಲು ಮುಟ್ಟಿ ನೋಡಿಕೊಳ್ಳುವ ಹಾಗೆ. ಇದು ಮುದಿ ಮಷಿನ್. ನೂರಕ್ಕೆ ಹತ್ತು, ಹನ್ನೊಂದು, ಹದಿನಾಲ್ಕು. ಐದೂಕಾಲು. ನೂರಕ್ಕೆ ಮೂವತ್ತು. ಆಯಿ ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಬಸವಣ್ಣನನ್ನು ಕರೆಯುತ್ತಿದ್ದಳು. ಐದು ಇಪ್ಪತ್ತು. ನೂರಕ್ಕೆ ಅರವತ್ತೆರಡಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು.

"ಸಿಟ್ಟು ಬಂದದ ಅದಕ್ಕ," ಅಂದಳು ಆಯಿ. "ಅರೆ ನಿದ್ದ್ಯಾಗ ಎಬ್ಬಸಿದಿ."

ಐದು ಇಪ್ಪತ್ತಾರಕ್ಕೆ ಪರದೆ ಬಂತು. ತಖ್ತೆ ಇಳಿಯಿತು. ಕೈಯಿಂದ ಓಡಿಸಲು ಬೆರಳು ಕೀಲಿಮಣೆಯ ಮೇಲಿಟ್ಟವನು ಹಿಂದೆ ತೆಗೆದೆ. ಎಷ್ಟೆಲ್ಲ ಅನುಮಾನಪಟ್ಟಿದ್ದೆ ಆ ಕ್ರಾನ್ ಮೇಲೆ. ಒಂದು ಸಲ ಅವನಿಗೇ ಬಿಟ್ಟು ನೋಡೋಣ ಅನ್ನಿಸಿತು. ನಾಲ್ಕು ನಿಮಿಷ ಕೈ ಕಟ್ಟಿ ಕೂತೆ. ನನ್ನ ಜೀವಮಾನದ ದೊಡ್ಡ ಸಾಹಸಗಳಲ್ಲಿ ಇದೂ ಒಂದು.

ಐದೂವರೆಗೆ ಜೇಬಿನಲ್ಲಿ ನನ್ನ ಫೋನ್ ಟಿಂಗ್ ಅಂತು. ಎರಡನೇ ಸಲ ತಪ್ಪಿದ ಮೇಲೆ ನನ್ನ ನಂಬರನ್ನೂ ಆ ಪಟ್ಟಿಯ ಕೊನೆಗೆ ಸೇರಿಸಿಕೊಂಡಿದ್ದೆ, ಚಿಂತೆಯವನಲ್ಲವೆ. ಪರದೆಯ ಮೇಲೆ ಕಡೆಯ ಹೊಲದ ಸಾಲು ಹುಡುಕಿದೆ. ಆರು ಐವತ್ತು. ಮೆಸೇಜ್ ಹೋಗಿತ್ತು, ಆದರೂ ಅವಳಿಗೆ ಫೋನ್ ಹಚ್ಚಿದೆ.

"ಬಂದದ ಸರ್ರ, ಬಂದದ. ಹೊಂಟೀನಿ," ಅಂದಳು ಆಕೆ, ಏದುಸಿರಿನಲ್ಲಿ. "ಏನಾಗಿತ್ರಿ ಅದಕ್ಕ?"

ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಸ್ವಲ್ಪ ದಣಿದಿತ್ರಿ," ಎಂದೆ.

ಏಳು ಗಂಟೆಗೆ ನೀರಗಂಟಿ ಫೋನ್ ಮಾಡಿದ. "ಸರ, ಅಕ್ಕ ಬಂದಾಳ್ರಿ. ಸಲಿಕಿ ಹಿಡ್ಕೊಂಡು ತೂಬಿನ ಮ್ಯಾಲ ನಿಂತಾಳ. ನೀರು ಹೊಲಕ್ಕ ಹತ್ಯದ. ಕಾಯಿ ಒಡಸಿದ್ರೇನು?"

ಆಯಿಯ ಜೊತೆ ಒಪ್ಪಂದವಾಗಲು ಎರಡು ಚಹಾ ಬೇಕಾಯಿತು. ಸೋಮವಾರ ಮಷಿನ್ನಿಗೆ ವಿಶ್ರಾಂತಿ ಬೇಡವೇ ಬೇಡ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೇಳಿದ್ದರೆ ನಮ್ಮಪ್ಪನ ಹೆಸರು ಮತ್ತೆ ಬರುತ್ತಿತ್ತು. ಕೊನೆಗೆ ಸೋಮವಾರ ಹತ್ತರಿಂದ ಹನ್ನೆರಡರವರೆಗೆ ಎಂದು ಇತ್ಯರ್ಥವಾಯಿತು. ಹತ್ತಕ್ಕೆ ಮಷಿನ್ ತಾನಾಗಿ ಮಲಗಲಿ ಎಂದು ಕ್ರಾನ್‌ಗೆ ಇನ್ನೊಂದು ಸಾಲು ಬರೆದುಕೊಟ್ಟೆ. ಹನ್ನೆರಡಕ್ಕೆ ಎಬ್ಬಿಸುವುದು ಆಯಿಯ ಪಾಲು. ವಿಭೂತಿ, ಹೂವಿನ ವಿ‍ಷಯದಲ್ಲಿ ಅವಳು ಒಂದಿಂಚೂ ಸರಿಯಲಿಲ್ಲ. ಫ್ಯಾನಿನ ಕಿಂಡಿಗೆ ಬೂದಿ ಹೋಗದಿದ್ದರೆ ಸಾಕು ಎಂದು ನಾನೇ ಸರಿದೆ.

ಸುಗ್ಗಿಯಾದ ಮೇಲೆ ಕಡೆಯ ಹೊಲದ ಅಕ್ಕ ಒಂದು ದಿನ ಕಚೇರಿಗೆ ಡಬ್ಬಿ ತಂದಳು. ಹೊಸ ಅಕ್ಕಿಯ ಅನ್ನ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಂದು ಮೂಲೆಯ ಭತ್ತ ಜೊಳ್ಳಾಗಿಯೇ ಹೋಗಿತ್ತು, ಉಳಿದದ್ದು ಬಂದಿತ್ತು. ಆಯಿ ಎರಡು ಸಲ ಬಡಿಸಿಕೊಂಡು, "ಒಳ್ಳೆ ನೆಲ್ಲು ಬೆಳದಿ," ಅಂದಳು. ದಣಿದಿತ್ತು ಅಂದ ನನ್ನ ಮಾತಿನ ಅರ್ಥವನ್ನು ಅಕ್ಕ ಆಗ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಯಿಯೇ ಹೇಳಿದಳು, ಪೂರಾ, ನಾನು ಮಂದಿ ಮುಂದೆ ಬೆನ್ನು ತಟ್ಟಿದ್ದರಿಂದ ಹಿಡಿದು. ಅಕ್ಕ ನಕ್ಕ ನಗೆಗೆ ಅವಳ ಕೈಯಲ್ಲಿದ್ದ ಸೌಟು ಅಲ್ಲಾಡಿತು.

ಅವತ್ತು ಮನೆಗೆ ಬಂದು ಹಾಜರಿ ಪುಸ್ತಕ ತೆಗೆದೆ. ಹೆಂಡತಿ ಕನ್ನಡಕ ಹಾಕಿಕೊಂಡು ಮೂರೂ ಪುಟ ಓದಿದಳು, ಒಂದೊಂದಕ್ಕೂ ತಲೆದೂಗುತ್ತ. ಓದಿ ಮುಗಿಸಿ ನನ್ನ ಕೈಗೆ ವಾಪಸ್ ಕೊಟ್ಟಳು.

"ಲಂಡನ್ ತನ ಹೋಗಿ ಬಂದೀರಿ, ಚೀನಾ ನೋಡೀರಿ," ಅಂದಳು. "ಗೋಡಿ ತನ ಹೋಗಿಲ್ಲ."

ಪೆನ್ನು ತೆಗೆದು ಕೊನೆಯ ಸಾಲಿನ ಕೆಳಗೆ ಇನ್ನೊಂದು ಬರೆದೆ, ಕೊನೆಗೆ ಎಂಟರ್ ಒತ್ತುವ ಅಭ್ಯಾಸಕ್ಕೆ ಒಂದು ಸಾಲು ಖಾಲಿಯನ್ನೂ ಬಿಟ್ಟೆ: ಸ್ವಿಚ್ ಬಂದ್ ಇತ್ತು.